ಚದುರಂಗ ಪಂದ್ಯಾವಳಿಯ ಜಾಲತಾಣ: ಪ್ರಾಯೋಜಕರು ಗಮನಿಸಬೇಕಾದ ಅಂಶಗಳು

ತಮ್ಮ ಊರಿನ ಕ್ರೀಡಾ ಚಟುವಟಿಕೆಗಳಿಗೆ ವರ್ತಕರೂ ಸಣ್ಣ ಉದ್ದಿಮೆದಾರರೂ ನೆರವು ನೀಡುವುದು ಬಹುಕಾಲದ ರೂಢಿ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಡಿ. ಗುಕೇಶ್ ವಿಶ್ವ ಚಾಂಪಿಯನ್ ಪಟ್ಟವನ್ನು ಗೆದ್ದ ಬಳಿಕ ಚದುರಂಗದತ್ತ ಪೋಷಕರ ಗಮನ ಮತ್ತಷ್ಟು ಹರಿದಿದೆ. ಪ್ರಾಯೋಜಕರು ಸಾಮಾನ್ಯವಾಗಿ ಬಹುಮಾನದ ಮೊತ್ತ, ಸಭಾಂಗಣ, ಊಟೋಪಚಾರಗಳ ಬಗ್ಗೆ ವಿಚಾರಿಸುತ್ತಾರೆ. ಜಾಲತಾಣದ ಬಗ್ಗೆ ವಿಚಾರಿಸುವುದಿಲ್ಲ. ಆದರೆ ದೂರದ ಊರಿನ ತಂದೆಯೊಬ್ಬರು ಪ್ರವೇಶ ಶುಲ್ಕ ಕಟ್ಟಿ, ರೈಲಿನಲ್ಲಿ ಆಸನ ಕಾದಿರಿಸಿ, ಮಗಳೊಡನೆ ಹೊರಡುವುದು ಆ ಜಾಲತಾಣವನ್ನು ನಂಬಿ. ಅಲ್ಲಿನ ಮಾಹಿತಿ ತಪ್ಪಾದರೆ ಕೆಡುವುದು ಸಂಘಟಕರ ಹೆಸರಷ್ಟೇ ಅಲ್ಲ, ಫಲಕದ ಮೇಲಿರುವ ಅಂಗಡಿಯ ಹೆಸರೂ ಕೆಡುತ್ತದೆ.

ಪ್ರಕಟಣೆ ಎಂದರೆ ವಾಗ್ದಾನ

ಉತ್ತಮ ಜಾಲತಾಣದ ಮೊದಲ ಪುಟದಲ್ಲಿಯೇ ದಿನಾಂಕ, ಸ್ಥಳ, ಸುತ್ತುಗಳ ವೇಳಾಪಟ್ಟಿ, ಪ್ರವೇಶ ಶುಲ್ಕ, ನೋಂದಣಿಯ ಕೊನೆಯ ದಿನ, ಮುಖ್ಯ ತೀರ್ಪುಗಾರರ ಹೆಸರು ಹಾಗೂ ಸಂಪರ್ಕ ವಿವರ ಇರತಕ್ಕದ್ದು. ಆಟದ ಕಾಲಾವಧಿಯನ್ನು ಸ್ಪಷ್ಟವಾಗಿ ನಮೂದಿಸಬೇಕು. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡೆಯ ನಿಯಮದಂತೆ ಪ್ರತಿ ಆಟಗಾರನಿಗೆ 10 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಬ್ಲಿಟ್ಜ್. 10ಕ್ಕಿಂತ ಹೆಚ್ಚು, 60ಕ್ಕಿಂತ ಕಡಿಮೆ ಇದ್ದರೆ ರ‍್ಯಾಪಿಡ್. ತಡವಾಗಿ ಬಂದವರಿಗೆ ಎಷ್ಟು ನಿಮಿಷಗಳ ವಿನಾಯಿತಿ ಎಂಬುದನ್ನೂ ಮುಂಚಿತವಾಗಿ ತಿಳಿಸಬೇಕು.

ಹೆಚ್ಚಿನ ಜಗಳಗಳಿಗೆ ಮೂಲ ಬಹುಮಾನ ಹಂಚಿಕೆ. ಉದಾಹರಣೆಗೆ, ಬಹುಮಾನಗಳು 50,000, 30,000 ಹಾಗೂ 20,000 ರೂಪಾಯಿ ಇದ್ದು, ಮೂವರು ಸಮಾನ ಅಂಕ ಗಳಿಸಿದರೆಂದು ಇಟ್ಟುಕೊಳ್ಳಬಹುದು. ಸಮನಾಗಿ ಹಂಚಿದರೆ ಪ್ರತಿಯೊಬ್ಬರಿಗೂ ಸುಮಾರು 33,333 ರೂಪಾಯಿ. ಎದುರಾಳಿಗಳ ಅಂಕಗಳನ್ನು ಕೂಡಿಸುವ ಬುಕೋಲ್ಟ್ಸ್ ಪದ್ಧತಿಯಿಂದ ಸ್ಥಾನ ನಿರ್ಧರಿಸಿ ಬಹುಮಾನ ಕೊಟ್ಟರೆ ಮೂರನೆಯವನಿಗೆ 20,000 ಮಾತ್ರ. ಒಂದೇ ಸಾಲಿನ ನಿಯಮದಿಂದ 13,333 ರೂಪಾಯಿಗಳ ವ್ಯತ್ಯಾಸವಾಗುತ್ತದೆ. ಈ ಸಾಲು ಮೊದಲ ಸುತ್ತಿಗೆ ಮುನ್ನವೇ ಪ್ರಕಟವಾಗಿದ್ದರೆ ಅದು ನಿಯಮ. ಕೊನೆಯ ಸುತ್ತಿನ ನಂತರ ಬಂದರೆ ಅದು ಪಕ್ಷಪಾತದ ಆಪಾದನೆಗೆ ಆಸ್ಪದ. ಮೂಲದಲ್ಲಿ ತೆರಿಗೆ ಕಡಿತ ಮಾಡುವುದಿದ್ದರೆ, ನೋಂದಣಿ ರದ್ದುಪಡಿಸಿದವರಿಗೆ ಶುಲ್ಕ ಹಿಂದಿರುಗಿಸುವುದಿದ್ದರೆ, ಅದನ್ನೂ ಅಲ್ಲಿಯೇ ತಿಳಿಸಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಜಾಲತಾಣಕ್ಕೂ ಸಲ್ಲುತ್ತದೆ. ಅನಿವಾರ್ಯವಾಗಿ ಬದಲಾವಣೆ ಮಾಡಿದಲ್ಲಿ ಹಳೆಯ ಸಾಲನ್ನು ಅಳಿಸದೆ, ದಿನಾಂಕ ಸಹಿತ ತಿದ್ದುಪಡಿಯನ್ನು ಪ್ರಕಟಿಸಬೇಕು. ಲೆಕ್ಕದ ಪುಸ್ತಕದಲ್ಲಿ ಅಂಕಿಗಳನ್ನು ಕೆರೆದು ತಿದ್ದದಿರುವುದಕ್ಕೂ ಇದೇ ಕಾರಣ.

ಒತ್ತಡದ ಕ್ಷಣಗಳು

ಹೆಚ್ಚಿನ ಮುಕ್ತ ಪಂದ್ಯಾವಳಿಗಳು ಸ್ವಿಸ್ ಪದ್ಧತಿಯಲ್ಲಿ ನಡೆಯುತ್ತವೆ. ಇಲ್ಲಿ ಸೋತವರು ಹೊರಬೀಳುವುದಿಲ್ಲ. ಸಮಾನ ಅಥವಾ ಸಮೀಪದ ಅಂಕ ಪಡೆದವರು ಮುಂದಿನ ಸುತ್ತಿನಲ್ಲಿ ಎದುರಾಗುತ್ತಾರೆ. ಆದುದರಿಂದ ಒಂದು ಸುತ್ತಿನ ಫಲಿತಾಂಶಗಳು ಬಂದ ಮೇಲೆಯೇ ಮುಂದಿನ ಸುತ್ತಿನ ಜೋಡಿ ಪಟ್ಟಿ ಸಿದ್ಧವಾಗುತ್ತದೆ. ಆ ಕ್ಷಣದಲ್ಲಿ ನೂರಾರು ಮೊಬೈಲುಗಳು ಒಂದೇ ಪುಟವನ್ನು ತೆರೆಯುತ್ತವೆ. ದಿನವಿಡೀ ಸುಗಮವಾಗಿದ್ದ ತಾಣ ಆಗಲೇ ಕುಸಿಯುವುದುಂಟು.

ಇದಕ್ಕೆ ಪರಿಹಾರ ಸರಳ. ಜೋಡಿ ಪಟ್ಟಿಯನ್ನು ಛಾಯಾಚಿತ್ರವಾಗಿ ಹಾಕದೆ, ಹೆಸರು ಹುಡುಕಲು ಬರುವಂತೆ ಅಕ್ಷರರೂಪದಲ್ಲಿ ಕೊಡಬೇಕು. ಚಲಿಸುವ ಚಿತ್ರ, ಹಿನ್ನೆಲೆ ಸಂಗೀತ, ಪ್ರಾಯೋಜಕರ ಭಾರಿ ಜಾಹೀರಾತುಗಳನ್ನು ಆ ಪುಟದಿಂದ ದೂರವಿಡಬೇಕು. ಸ್ವಿಸ್-ಮ್ಯಾನೇಜರ್ ತಂತ್ರಾಂಶ ಬಳಸುವ ಸಂಘಟಕರು ಫಲಿತಾಂಶಗಳನ್ನು ಆಸ್ಟ್ರಿಯಾದ ಚೆಸ್-ರಿಸಲ್ಟ್ಸ್ ತಾಣಕ್ಕೆ ಏರಿಸಿ, ತಮ್ಮ ತಾಣದಿಂದ ಅಲ್ಲಿಗೆ ಕೊಂಡಿ ಒದಗಿಸುವುದು ಮಿತವ್ಯಯದ ಮಾರ್ಗ. ಎಲ್ಲವನ್ನೂ ಸ್ವತಃ ನಿರ್ಮಿಸಬೇಕೆಂಬ ಹಟದಿಂದ ಖರ್ಚು ಹೆಚ್ಚುತ್ತದೆಯೇ ಹೊರತು ಆಟಗಾರರಿಗೆ ಅನುಕೂಲವಾಗುವುದಿಲ್ಲ.

ನೇರ ಪ್ರಸಾರದ ಲೆಕ್ಕಾಚಾರ

ಸಂವೇದಕಗಳುಳ್ಳ ವಿದ್ಯುನ್ಮಾನ ಹಲಗೆಗಳಿಂದ ನಡೆಗಳು ತಾವಾಗಿಯೇ ಜಾಲತಾಣಕ್ಕೆ ತಲುಪುತ್ತವೆ. ಎಲ್ಲ ಹಲಗೆಗಳಿಗೂ ಈ ವ್ಯವಸ್ಥೆ ದುಬಾರಿ; ಮೇಲಿನ ಕೆಲವು ಹಲಗೆಗಳಿಗೆ ಸೀಮಿತಗೊಳಿಸುವುದು ವಿವೇಕ. 1993ರಲ್ಲಿ ರೂಪುಗೊಂಡ ಪಿಜಿಎನ್ ಎಂಬ ಸರಳ ಅಕ್ಷರರೂಪದಲ್ಲಿ ಆಟಗಳನ್ನು ಒದಗಿಸಿದರೆ ಯಾವುದೇ ತಂತ್ರಾಂಶದಲ್ಲಿ ಅವುಗಳನ್ನು ತೆರೆಯಬಹುದು. ಮೋಸಕ್ಕೆ ಎಡೆಗೊಡದಿರಲು ಪ್ರಸಾರವನ್ನು ತಡವಾಗಿಸುವ ಕ್ರಮವೂ ಇದೆ. ಅಮೆರಿಕದ ಸೇಂಟ್ ಲೂಯಿಸ್‌ನ 2022ರ ಸಿಂಕ್‌ಫೀಲ್ಡ್ ಕಪ್‌ನಲ್ಲಿ ಪಂದ್ಯಾವಳಿಯ ನಡುವೆಯೇ 15 ನಿಮಿಷಗಳ ವಿಳಂಬವನ್ನು ಜಾರಿಗೊಳಿಸಲಾಯಿತು.

ನಡೆಗಳನ್ನು ಬಚ್ಚಿಟ್ಟು ಲಾಭ ಗಳಿಸುವ ಯತ್ನವೂ ಆಗಿದೆ. 2016ರಲ್ಲಿ ವಿಶ್ವ ಚಾಂಪಿಯನ್ ಸ್ಪರ್ಧೆಯ ಸಂಘಟಕರಾಗಿದ್ದ ಅಗಾನ್ ಸಂಸ್ಥೆಯು ಇತರ ತಾಣಗಳು ನಡೆಗಳನ್ನು ಪ್ರಕಟಿಸದಂತೆ ತಡೆಯಲು ನ್ಯೂಯಾರ್ಕಿನ ನ್ಯಾಯಾಲಯದ ಮೊರೆಹೊಕ್ಕಿತು. ಆ ನವೆಂಬರಿನಲ್ಲಿ ನ್ಯಾಯಾಲಯ ತಡೆಯಾಜ್ಞೆಯನ್ನು ನಿರಾಕರಿಸಿತು. ವರ್ತಕರಿಗೆ ಇದರಲ್ಲಿ ಪಾಠವಿದೆ. ಎಲ್ಲರಿಗೂ ಸಿಗುವ ಸರಕಿಗೆ ಬೀಗ ಹಾಕುವುದಕ್ಕಿಂತ, ಅದನ್ನು ಅಚ್ಚುಕಟ್ಟಾಗಿ ಒದಗಿಸುವ ಅಂಗಡಿಗೇ ಗಿರಾಕಿಗಳು ಬರುತ್ತಾರೆ.

ದಾಖಲೆಯೇ ಆಸ್ತಿ

ಹಾಲೆಂಡಿನ ಕಡಲತೀರದ ಪುಟ್ಟ ಊರು ವೈಕ್ ಆನ್ ಜೀಯ ಪಂದ್ಯಾವಳಿ ಈ ವಿಷಯದಲ್ಲಿ ಮಾದರಿ. ಸ್ಥಳೀಯ ಉಕ್ಕಿನ ಕಾರ್ಖಾನೆಯಾದ ಹೂಗೋವೆನ್ಸ್ ಹೆಸರಿನಲ್ಲಿ 1938ರಲ್ಲಿ ನೆರೆಯ ಬೆವರ್‌ವೈಕ್‌ನಲ್ಲಿ ಆರಂಭವಾದ ಇದು 1968ರಲ್ಲಿ ಇಲ್ಲಿಗೆ ಬಂದಿತು. ಕಂಪನಿಯ ವಿಲೀನದಿಂದಾಗಿ 2000ದಲ್ಲಿ ಕೋರಸ್ ಎಂಬ ಹೆಸರು ಪಡೆಯಿತು. 2007ರಲ್ಲಿ ಭಾರತದ ಟಾಟಾ ಸ್ಟೀಲ್ ಕೋರಸ್ ಕಂಪನಿಯನ್ನು ಕೊಂಡಿತು; 2011ರಿಂದ ಪಂದ್ಯಾವಳಿಗೂ ಟಾಟಾ ಹೆಸರು ಬಂದಿತು. ಮಾಲೀಕತ್ವ ಬದಲಾದರೂ 1938ರಿಂದ ಮೊದಲ್ಗೊಂಡ ಫಲಿತಾಂಶಗಳನ್ನು ಪಂದ್ಯಾವಳಿಯ ತಾಣ ಕಾಪಾಡಿಕೊಂಡಿದೆ. ವಿಶ್ವನಾಥನ್ ಆನಂದ್ ಐದು ಬಾರಿ ಅಗ್ರಸ್ಥಾನ ಪಡೆದುದೂ, 2025ರಲ್ಲಿ ಆರ್. ಪ್ರಜ್ಞಾನಂದ ಗೆದ್ದುದೂ ಒಂದೇ ಸರಣಿಯಲ್ಲಿ ಸೇರಿವೆ. ಹೊಸ ಪ್ರಾಯೋಜಕರಿಗೆ ದಶಕಗಳ ಸದಭಿಪ್ರಾಯ ಹೀಗೆ ದೊರೆಯಿತು. ಅಲ್ಲಿ ಅಗ್ರಗಣ್ಯರೊಡನೆ ಅದೇ ಸಭಾಂಗಣದಲ್ಲಿ ಹವ್ಯಾಸಿಗಳೂ ಆಡುತ್ತಾರೆ. ತಾಣದಲ್ಲಿ ಅವರ ಗುಂಪುಗಳ ಫಲಿತಾಂಶಗಳಿಗೂ ಜಾಗವಿದೆ. ಕೊನೆಯ ಹಲಗೆಯ ಬಾಲಕನೂ ತನ್ನ ಹೆಸರನ್ನು ಅಜ್ಜಿಗೆ ತೋರಿಸಬೇಕೆಂದು ಬಯಸುತ್ತಾನೆ.

ನಮ್ಮಲ್ಲಿ ತಾಣದ ಹೆಸರನ್ನು ವಿನ್ಯಾಸಗಾರರ ಹೆಸರಿನಲ್ಲಿ ನೋಂದಾಯಿಸುವ ಪರಿಪಾಠವಿದೆ. ಆತ ವೃತ್ತಿ ಬದಲಿಸಿದರೆ ತಾಣವೂ ಕೈತಪ್ಪುತ್ತದೆ. ನೋಂದಣಿಯು ಸಂಘಟಕ ಸಂಸ್ಥೆಯ ಹೆಸರಿನಲ್ಲಿರಬೇಕು. ನವೀಕರಣ ಶುಲ್ಕಕ್ಕೆ ಆಯವ್ಯಯದಲ್ಲಿ ಅವಕಾಶ ಮಾಡಬೇಕು.

ಮಕ್ಕಳ ಮಾಹಿತಿ

ಆಟಗಾರರಲ್ಲಿ ಬಹಳಷ್ಟು ಮಂದಿ ಮಕ್ಕಳು. ಹೆಸರು, ರೇಟಿಂಗ್, ಅಂಕಗಳನ್ನು ಪ್ರಕಟಿಸುವುದು ಸಹಜ. ಪೂರ್ಣ ಜನ್ಮದಿನಾಂಕ, ಮನೆಯ ವಿಳಾಸ, ದೂರವಾಣಿ ಸಂಖ್ಯೆಗಳನ್ನು ಪ್ರಕಟಿಸುವುದು ಸಲ್ಲದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆ ಅಗತ್ಯವೆಂದು ವಿಧಿಸಿದೆ. ನೋಂದಣಿ ನಮೂನೆಯಲ್ಲಿಯೇ ಈ ಒಪ್ಪಿಗೆಯನ್ನು ಪಡೆಯುವುದು ಕ್ಷೇಮ.

ಚೆಕ್ಕಿಗೆ ಸಹಿ ಹಾಕುವ ಮುನ್ನ

ಪ್ರಾಯೋಜಕರು ಐದು ಪ್ರಶ್ನೆಗಳನ್ನು ಕೇಳಬಹುದು:

1. ಬಹುಮಾನ ಹಂಚಿಕೆಯ ನಿಯಮ ಪ್ರಕಟವಾಗಿದೆಯೇ?
2. ಸಾಧಾರಣ ಮೊಬೈಲಿನಲ್ಲಿ ಜೋಡಿ ಪಟ್ಟಿ ಬೇಗನೆ ತೆರೆಯುತ್ತದೆಯೇ?
3. ತಾಣ ಯಾರ ಹೆಸರಿನಲ್ಲಿದೆ?
4. ಕಳೆದ ವರ್ಷದ ಫಲಿತಾಂಶಗಳು ಇನ್ನೂ ಸಿಗುತ್ತವೆಯೇ?
5. ಮಕ್ಕಳ ಮಾಹಿತಿಗೆ ರಕ್ಷಣೆ ಇದೆಯೇ?

ಈ ಐದಕ್ಕೂ ತೃಪ್ತಿಕರ ಉತ್ತರ ದೊರೆತರೆ ಪ್ರಾಯೋಜಕರ ಹಣ ಸದ್ವಿನಿಯೋಗವಾಗುವ ಸಂಭವ ಹೆಚ್ಚು. ಸಭಾಂಗಣದ ತೋರಣ ಸಮಾರೋಪದ ಸಂಜೆಯೇ ಇಳಿಯುತ್ತದೆ. ಜಾಲತಾಣ ವರ್ಷವಿಡೀ ಪ್ರಾಯೋಜಕರ ಹೆಸರನ್ನು ಹೊತ್ತು ನಿಲ್ಲುತ್ತದೆ.