ಶಾಲೆಯ ಗೋಡೆಯಿಂದ ನೂರು ಮೀಟರ್



ಮಗುವನ್ನು ಶಾಲೆಗೆ ಕಳುಹಿಸುವಾಗ ಬುತ್ತಿ, ಪುಸ್ತಕ, ಸಮವಸ್ತ್ರ ಎಲ್ಲವನ್ನೂ ನೋಡುತ್ತೀರಿ. ಶಾಲೆಯ ಎದುರಿನ ಅಂಗಡಿಯಲ್ಲಿ ಏನೇನು ತೂಗುಹಾಕಿದ್ದಾರೆಂದು ನೋಡಿದ್ದೀರಾ? ಪೆಪ್ಪರಮೆಂಟಿನ ಡಬ್ಬಿಯ ಪಕ್ಕದಲ್ಲೇ ತಂಬಾಕಿನ ಪೊಟ್ಟಣಗಳಿದ್ದರೆ, ಮಗುವಿನ ಕಣ್ಣಿಗೆ ಎರಡೂ ತಿನಿಸುಗಳೇ.

ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆಂದು ನಾವು ತಿಳಿದಿರಬೇಕು. 2003ರ ಕೇಂದ್ರ ಕಾಯಿದೆ ಶಿಕ್ಷಣ ಸಂಸ್ಥೆಗಳಿಂದ 100 ಗಜದೊಳಗೆ, ಅಂದರೆ ಸುಮಾರು 91 ಮೀಟರಿನೊಳಗೆ, ತಂಬಾಕು ಮಾರಾಟವನ್ನು ನಿಷೇಧಿಸಿತು. 2025ರ ಮೇ ತಿಂಗಳಲ್ಲಿ ಪ್ರಕಟವಾದ ಕರ್ನಾಟಕದ ತಿದ್ದುಪಡಿ ಇದನ್ನು 100 ಮೀಟರಿಗೆ ಏರಿಸಿತು. ಕೊಳ್ಳುವವರ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ ಹೆಚ್ಚಿಸಿತು. ಬಿಡಿ ಸಿಗರೇಟಿನ ಮಾರಾಟವನ್ನೂ ತಡೆಯಿತು. ದೂರವನ್ನು ಅಳೆಯಬೇಕಾದುದು ತರಗತಿಯ ಬಾಗಿಲಿನಿಂದಲ್ಲ, ಕಾಂಪೌಂಡಿನ ಹೊರಗೋಡೆಯಿಂದ, ಸುತ್ತಲೂ ಎಲ್ಲ ದಿಕ್ಕಿಗೆ.

ಇನ್ನು ವೇಪ್ ಎಂದು ಮಕ್ಕಳು ಕರೆಯುವ ಇ-ಸಿಗರೇಟು. ಪೆನ್ನಿನಂತೆ ಕಾಣುವ, ಹಣ್ಣಿನ ಪರಿಮಳ ಬೀರುವ ಈ ವಸ್ತುವಿನಲ್ಲಿ ಚಟ ಹಿಡಿಸುವ ನಿಕೋಟಿನ್ ಇರುತ್ತದೆ. ಅಮೆರಿಕದ ಅನೇಕ ನಗರಗಳು ಇಂಥ ಅಂಗಡಿಗಳು ಶಾಲೆಯಿಂದ ಎಷ್ಟು ದೂರವಿರಬೇಕೆಂದು ನಿಯಮ ಮಾಡಿವೆ. ನಮ್ಮಲ್ಲಿ ದೂರದ ಪ್ರಶ್ನೆಯೇ ಇಲ್ಲ. ಕರ್ನಾಟಕ 2016ರಲ್ಲಿ, ಇಡೀ ದೇಶ 2019ರಲ್ಲಿ ಇದರ ಮಾರಾಟವನ್ನು ನಿಷೇಧಿಸಿವೆ. ಮೊದಲ ತಪ್ಪಿಗೇ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

“ಬಡವನ ಹೊಟ್ಟೆಯ ಮೇಲೆ ಹೊಡೆಯಬೇಕೇ?” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಟಿಕೋಟಾ, ಬಬಲೇಶ್ವರದಂಥ ಊರುಗಳಲ್ಲಿ ಅಂಗಡಿಯವರು ಪರಿಚಿತರು, ನೆರೆಯವರು. ಆದರೆ ಕಾನೂನು ಅಂಗಡಿ ಮುಚ್ಚಿ ಎನ್ನುವುದಿಲ್ಲ. ಅಲ್ಲಿ ತಂಬಾಕು ಮಾರಬೇಡಿ ಎನ್ನುತ್ತದೆ. ನೋಟುಬುಕ್ಕು, ಬಿಸ್ಕತ್ತು, ಬಾಳೆಹಣ್ಣು ಮಾರಲು ಅಡ್ಡಿಯಿಲ್ಲ. ತಪ್ಪು ಮಾಡಿದ ಸಹೋದರನೊಡನೆ ಮೊದಲು ಏಕಾಂತದಲ್ಲಿ ಮಾತನಾಡಬೇಕೆಂದು ಪ್ರಭು ಯೇಸು ಕಲಿಸಿದರು. ಹಾಗೆಯೇ ಮಾಡಿರಿ. ಕೇಳದಿದ್ದರೆ ಮುಖ್ಯೋಪಾಧ್ಯಾಯರ ಮೂಲಕ ವಿಜಯಪುರದ ಜಿಲ್ಲಾ ಆರೋಗ್ಯಾಧಿಕಾರಿಗಳಿಗೋ ಪೊಲೀಸರಿಗೋ ಲಿಖಿತವಾಗಿ ತಿಳಿಸಿರಿ. ಚಿಕ್ಕವರನ್ನು ಎಡವಿಸುವವರ ಬಗ್ಗೆ ಪ್ರಭು ನೀಡಿದ ಕಠಿಣ ಎಚ್ಚರಿಕೆಯನ್ನು, ಸುಮ್ಮನಿರುವ ನಾವೂ ನೆನೆಯಬೇಕು.

ಆದರೆ ನೂರು ಮೀಟರಿನ ಗಡಿ ಮನೆಯೊಳಗೆ ಬರುವುದಿಲ್ಲ. ಮಗನ ಕೈಗೆ ದುಡ್ಡು ಕೊಟ್ಟು ಬೀಡಿ ತರಿಸುವ ತಂದೆ ಯಾವ ಪಾಠ ಕಲಿಸುತ್ತಾನೆ? ಜಗದ್ಗುರು ಫ್ರಾನ್ಸಿಸ್‌ರವರು 2018ರಿಂದ ವ್ಯಾಟಿಕನ್ನಿನಲ್ಲಿ ಸಿಗರೇಟ್ ಮಾರಾಟವನ್ನು ನಿಲ್ಲಿಸಿದರು; ಅದರಿಂದ ಬರುತ್ತಿದ್ದ ಆದಾಯವನ್ನೂ ಬಿಟ್ಟುಕೊಟ್ಟರು. ನಮ್ಮ ದೇಹ ಪವಿತ್ರಾತ್ಮರ ಆಲಯವೆಂದು ಸಂತ ಪೌಲರು ಕಲಿಸಿದ್ದು ದೊಡ್ಡವರಿಗೂ ಅನ್ವಯಿಸುತ್ತದೆ. ಬಿಡಬೇಕೆನ್ನುವವರಿಗೆ 1800-11-2356 ಎಂಬ ಉಚಿತ ದೂರವಾಣಿಯಲ್ಲಿ ಸಲಹೆ ದೊರೆಯುತ್ತದೆ.

ಕುಟುಂಬದಲ್ಲಿ ಚಿಂತಿಸಲು:
1. ನಮ್ಮ ಮಕ್ಕಳ ಶಾಲೆಯ ಸುತ್ತ ನೂರು ಮೀಟರಿನೊಳಗೆ ಏನು ಮಾರಾಟವಾಗುತ್ತಿದೆ?
2. ಅಂಗಡಿಯವರೊಡನೆ ಪ್ರೀತಿಯಿಂದ ಮಾತನಾಡಲು ನಮ್ಮಲ್ಲಿ ಯಾರು ಹೋಗುತ್ತೇವೆ?
3. ನಮ್ಮ ಮನೆಯಲ್ಲಿ ಯಾವ ಚಟವನ್ನು ಮೊದಲು ಹೊರಗೆ ಕಳುಹಿಸಬೇಕು?