ಹೆರಿಗೆ ನೋವು ಶುರುವಾಯಿತೇ? ಗುರುತಿಸುವುದು ಹೇಗೆ?



"ಈಗಷ್ಟೇ ನೋವು ಬಂದಿದೆ, ಬೆಳಗಾಗಲಿ ನೋಡೋಣ." ಈ ಮಾತನ್ನು ನಾವೆಲ್ಲ ಎಷ್ಟೋ ಮನೆಗಳಲ್ಲಿ ಕೇಳಿದ್ದೇವೆ. ತಾಯಿ ಮತ್ತು ಮಗುವಿನ ಪ್ರಾಣಕ್ಕೆ ಕುತ್ತು ತರುವ ತಡ ಮೂರು ಬಗೆಯದು: ಹೊರಡಲು ತೀರ್ಮಾನಿಸುವಲ್ಲಿ ತಡ, ಆಸ್ಪತ್ರೆ ತಲುಪುವಲ್ಲಿ ತಡ, ಅಲ್ಲಿ ಚಿಕಿತ್ಸೆ ಸಿಗುವಲ್ಲಿ ತಡ. ಇವುಗಳಲ್ಲಿ ಮೊದಲನೆಯದು ನಮ್ಮ ಮನೆಯೊಳಗೇ ಆಗುವಂಥದ್ದು. ಅದನ್ನು ತಪ್ಪಿಸುವುದು ನಮ್ಮ ಕೈಯಲ್ಲೇ ಇದೆ.

ದಿನದ ಲೆಕ್ಕ
ಕೊನೆಯ ಮುಟ್ಟಿನ ಮೊದಲ ದಿನಕ್ಕೆ 9 ತಿಂಗಳು 7 ದಿನ ಸೇರಿಸಿದರೆ ಹೆರಿಗೆಯ ದಿನ ಸಿಗುತ್ತದೆ. ತಾಯಿ ಕಾರ್ಡಿನಲ್ಲಿ ಅದನ್ನು ಬರೆದಿರುತ್ತಾರೆ. ಆದರೆ ಅದು ಅಂದಾಜು ಮಾತ್ರ. 37 ವಾರ ತುಂಬಿದ ಮೇಲೆ ಯಾವ ದಿನ ಬೇಕಾದರೂ ಹೆರಿಗೆಯಾಗಬಹುದು. "ಡೇಟಿಗೆ ಇನ್ನೂ ಹತ್ತು ದಿನ ಇದೆಯಲ್ಲ" ಎಂದು ಸುಮ್ಮನಿರಬೇಡಿ.

ಸುಳ್ಳು ನೋವು, ನಿಜವಾದ ನೋವು
ಸುಳ್ಳು ನೋವು ಒಮ್ಮೆ ಬರುತ್ತದೆ, ಒಮ್ಮೆ ನಿಲ್ಲುತ್ತದೆ, ಅದಕ್ಕೆ ಕ್ರಮವಿಲ್ಲ. ಮಲಗಿದರೆ ಅಥವಾ ಸ್ವಲ್ಪ ಓಡಾಡಿದರೆ ಕಡಿಮೆಯಾಗುತ್ತದೆ.

ನಿಜವಾದ ನೋವು ಹೆಚ್ಚಾಗಿ ಸೊಂಟದಿಂದ ಶುರುವಾಗಿ ಹೊಟ್ಟೆಯ ಮುಂದಕ್ಕೆ ಬರುತ್ತದೆ. ಆಗ ಹೊಟ್ಟೆ ಮುಟ್ಟಿದರೆ ಗಟ್ಟಿಯಾಗಿರುತ್ತದೆ. ಹೊತ್ತು ಕಳೆದಂತೆ ನೋವು ಬೇಗ ಬೇಗ, ಜೋರಾಗಿ, ಹೆಚ್ಚು ಹೊತ್ತು ಬರುತ್ತದೆ. ಮಲಗಿದರೂ ನಿಲ್ಲುವುದಿಲ್ಲ. ಗಡಿಯಾರ ನೋಡಿ: ಒಂದು ನೋವು ಶುರುವಾದಾಗಿನಿಂದ ಮುಂದಿನದು ಶುರುವಾಗುವವರೆಗೆ ಎಷ್ಟು ನಿಮಿಷ? 10 ನಿಮಿಷಕ್ಕೊಮ್ಮೆ ಕ್ರಮವಾಗಿ ಬರತೊಡಗಿದರೆ ಹೊರಡಿ. ಎರಡನೇ, ಮೂರನೇ ಹೆರಿಗೆ ಬೇಗ ಆಗಿಬಿಡುತ್ತದೆ. ಹಿಂದೆ ಸಿಸೇರಿಯನ್ ಆಗಿದ್ದರೆ ನೋವು ಕಂಡ ಕೂಡಲೇ ಹೊರಡಬೇಕು.

ಲೋಳೆಯ ಜೊತೆ ಸ್ವಲ್ಪ ರಕ್ತದ ಎಳೆ ಕಂಡರೆ ಹೆರಿಗೆ ಹತ್ತಿರವಾಗಿದೆ ಎಂದು ಅರ್ಥ. ಗಾಬರಿ ಬೇಡ, ಸಿದ್ಧರಾಗಿರಿ.

ಒಂದು ಗಳಿಗೆಯೂ ಕಾಯಬಾರದ ಸೂಚನೆಗಳು
• ನೋವು ಇಲ್ಲದಿದ್ದರೂ ನೀರು ಹೋಗುವುದು. ನೀರು ಹಸಿರು ಅಥವಾ ಕಂದು ಬಣ್ಣವಿದ್ದರೆ ಇನ್ನೂ ಅಪಾಯ
• ಮುಟ್ಟಿನಂತೆ ರಕ್ತ ಹೋಗುವುದು
• ಮಗುವಿನ ಮಿಸುಕಾಟ ಕಡಿಮೆಯಾಗುವುದು
• ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ಫಿಟ್ಸ್
• ಜ್ವರ
• 37 ವಾರಕ್ಕೆ ಮೊದಲೇ ನೋವು

ಇವು ಬೇಡ
"ಜೀರಿಗೆ ಕಷಾಯ ಕುಡಿದು ನೋಡು, ಹೊಟ್ಟೆನೋವಾದರೆ ಹೋಗುತ್ತೆ" ಎಂದು ಹಿರಿಯರು ಹೇಳುವುದುಂಟು. ಕಷಾಯ ಕುಡಿಯಲಿ, ಆದರೆ ಅದರ ಪರಿಣಾಮಕ್ಕೆಂದು ಕಾದು ಕೂರಬೇಡಿ. ಹೊಟ್ಟೆಯನ್ನು ಒತ್ತಬೇಡಿ. ನೋವು ಹೆಚ್ಚಿಸುವ ಇಂಜೆಕ್ಷನ್ನನ್ನು ಮನೆಯಲ್ಲಿ ಯಾರಿಂದಲೂ ಹಾಕಿಸಬೇಡಿ. ಅದರಿಂದ ಗರ್ಭಕೋಶವೇ ಒಡೆಯಬಹುದು.

ಸಂಘದ ಕೆಲಸ
ಸಂಘದಲ್ಲಿ ಅಥವಾ ಸದಸ್ಯರ ಮನೆಯಲ್ಲಿ ಬಸುರಿ ಇದ್ದರೆ ಎಂಟನೇ ತಿಂಗಳಲ್ಲೇ ಮಾತಾಡಿಕೊಳ್ಳಿ. 108 ಬರುವುದು ತಡವಾದರೆ ಯಾರ ಗಾಡಿ? ಜೊತೆಗೆ ಯಾರು ಹೋಗುತ್ತಾರೆ? ಮನೆಯಲ್ಲಿರುವ ಮಕ್ಕಳನ್ನು ಯಾರು ನೋಡುತ್ತಾರೆ? ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಉಚಿತ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ 2011ರಿಂದ ಇದು ನಮ್ಮ ಹಕ್ಕು. ಆದರೂ ಕೈಯಲ್ಲಿ ಸ್ವಲ್ಪ ಹಣ ಇರಬೇಕು. ಹೆರಿಗೆಯ ತುರ್ತಿಗೆ ವಾರದ ಸಭೆ ಕಾಯದೆ ಸಾಲ ಕೊಡಬಹುದು ಎಂದು ಮೊದಲೇ ಠರಾವು ಮಾಡಿ ಪುಸ್ತಕದಲ್ಲಿ ಬರೆದಿಡಿ.

ಒಂದು ಚೀಲದಲ್ಲಿ ತಾಯಿ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ತೊಳೆದು ಒಣಗಿಸಿದ ಹತ್ತಿ ಬಟ್ಟೆ ಸಿದ್ಧವಿರಲಿ. ಆಶಾ ಕಾರ್ಯಕರ್ತೆಯ ನಂಬರು ಗೋಡೆಯ ಮೇಲಿರಲಿ.

ಮಾತೆ ಮರಿಯಮ್ಮನವರು ಬಸುರಿಯಾಗಿದ್ದ ಎಲಿಜಬೇತಮ್ಮನವರ ಬಳಿಗೆ ಅವಸರವಾಗಿ ಹೋದರು, ಸುಮಾರು ಮೂರು ತಿಂಗಳು ಅವರ ಜೊತೆಯಲ್ಲಿದ್ದರು. ನಮ್ಮ ಪಕ್ಕದ ಮನೆಯ ಬಸುರಿಗೆ ನಾವೂ ಹಾಗೆ ಜೊತೆಯಾಗೋಣ.

ಸಭೆಯಲ್ಲಿ ಚರ್ಚಿಸಿ
1. ನಮ್ಮ ಊರಿನಿಂದ ಹೆರಿಗೆ ಆಸ್ಪತ್ರೆಗೆ ರಾತ್ರಿ ಹೊತ್ತು ತಲುಪಲು ಎಷ್ಟು ಸಮಯ ಬೇಕು?
2. ಮನೆಯಲ್ಲಿ ಗಂಡಸರು ಇಲ್ಲದಾಗ ಹೊರಡುವ ತೀರ್ಮಾನ ಯಾರದು?
3. ಈಗ ನಮ್ಮಲ್ಲಿ ಎಂಟು ತಿಂಗಳು ತುಂಬಿದವರು ಯಾರಿದ್ದಾರೆ?