ಮಧ್ಯಾಹ್ನ ಎಲೆಯ ಅಡುಗೆಮನೆ ಯಾಕೆ ಬಂದ್ ಆಗುತ್ತೆ?

ಬಿಸಿಲು ಚೆನ್ನಾಗಿದೆ, ಗೊಬ್ಬರ ಕೊಟ್ಟಾಗಿದೆ, ಆದ್ರೂ ಟೊಮೆಟೊ ಕಾಯಿ ದಪ್ಪ ಆಗ್ತಿಲ್ಲ. ಬೇಸಿಗೆಯಲ್ಲಿ ಬಯಲುಸೀಮೆಯ ರೈತರು ಪದೇ ಪದೇ ಕೇಳುವ ಮಾತಿದು. ಇನ್ನೊಂದು ಟಾನಿಕ್ ಬಾಟಲಿಗೆ ದುಡ್ಡು ಹಾಕೋ ಮೊದಲು ಎಲೆ ಹೇಗೆ ಕೆಲಸ ಮಾಡುತ್ತೆ ಅಂತ ನೋಡೋಣ ಬನ್ನಿ.

ಎಲೆ ಬೇರಿನಿಂದ ನೀರನ್ನೂ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನೂ ತಗೊಂಡು, ಬಿಸಿಲಿನ ಶಕ್ತಿಯಿಂದ ಸಕ್ಕರೆ ತಯಾರಿಸುತ್ತೆ. ಇದೇ ದ್ಯುತಿಸಂಶ್ಲೇಷಣೆ. ಕಾಯಿ ತುಂಬೋದು ಈ ಸಕ್ಕರೆಯಿಂದ. ಗೊಬ್ಬರ ಗಿಡದ ಊಟ ಅಲ್ಲ, ಊಟ ಬೇಯಿಸೋಕೆ ಬೇಕಾದ ಸಾಮಾನು.

1905ರಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿ ಬ್ಲಾಕ್‌ಮನ್ ಒಂದು ಸೂತ್ರ ಹೇಳಿದರು: ಯಾವುದು ಕಡಿಮೆ ಇದೆಯೋ ಅದೇ ಈ ಕೆಲಸದ ವೇಗವನ್ನು ನಿರ್ಧರಿಸುತ್ತದೆ. ರಾಗಿ ಹಿಟ್ಟು ಮೂಟೆಗಟ್ಟಲೆ ಇದ್ರೂ ಎಸರಿಗೆ ನೀರಿಲ್ಲದಿದ್ರೆ ಮುದ್ದೆ ಆಗಲ್ಲ, ಅಷ್ಟೇ.

ಬೇಸಿಗೆಯಲ್ಲಿ ಕಡಿಮೆ ಬೀಳೋದು ಯಾವುದು?

ಬಿಸಿಲಂತೂ ಅಲ್ಲ. ಟೊಮೆಟೊದ ಒಂದು ಎಲೆಗೆ ಪೂರ್ತಿ ಬಿಸಿಲಿನ ಸುಮಾರು ಅರ್ಧ ಸಿಕ್ಕರೂ ಸಾಕು. ಮಧ್ಯಾಹ್ನ ಬೇರು ಎಳೆದುಕೊಳ್ಳೋದಕ್ಕಿಂತ ಹೆಚ್ಚು ನೀರು ಎಲೆಯಿಂದ ಆವಿಯಾದರೆ, ನೀರು ಉಳಿಸೋಕೆ ಗಿಡ ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತೆ. ಇಂಗಾಲದ ಡೈಆಕ್ಸೈಡ್ ಒಳಗೆ ಬರೋ ಬಾಗಿಲೂ ಅದೇ! ಬಾಗಿಲು ಮುಚ್ಚಿತು ಅಂದ್ರೆ ಅಡುಗೆ ನಿಂತ ಹಾಗೆ. ತಾಪಮಾನ 35 ಡಿಗ್ರಿ ದಾಟಿದರೆ ತೊಂದರೆ ಇನ್ನೂ ಹೆಚ್ಚು.

ಏನು ಮಾಡಬೇಕು?

- ಡ್ರಿಪ್ ನೀರನ್ನು ಬೆಳಿಗ್ಗೆ ಬೇಗ ಕೊಡಿ. ಮರಳು ಮಣ್ಣಾದರೆ ಅಷ್ಟೇ ನೀರನ್ನು ಎರಡು ಸಲ ಹಂಚಿ ಕೊಡಿ. ಕೆಸರು ಮಾಡಬೇಡಿ, ಬೇರಿಗೂ ಗಾಳಿ ಬೇಕು.
- ಸಾಲಿಗೆ ಒಣಹುಲ್ಲು ಅಥವಾ ತರಗೆಲೆ ಹೊದಿಸಿ.
- ಸಿಂಪಡಣೆ ಏನೇ ಇದ್ರೂ ಬೆಳಿಗ್ಗೆ ಅಥವಾ ಸಂಜೆ ಮಾಡಿ.
- ಬಿಸಿಲು ಜಾಸ್ತಿ ಇರುವಾಗ ಟೊಮೆಟೊ, ದೊಣ್ಣೆ ಮೆಣಸಿನಕಾಯಿಗೆ ಶೇಡ್ ನೆಟ್ ಅನುಕೂಲ. ರಾಗಿ, ಜೋಳ, ಕಬ್ಬಿಗೆ ಬೇಡ. ಅವು ಪೂರ್ತಿ ಬಿಸಿಲನ್ನು ಬಳಸಿಕೊಳ್ಳುವ ಬೆಳೆಗಳು.

ಮಳೆಗಾಲದ ಮೋಡದಲ್ಲಿ ಲೆಕ್ಕ ತಿರುಗುತ್ತೆ. ಆಗ ಕಡಿಮೆ ಬೀಳೋದು ಬೆಳಕು. ನೆಟ್ ತೆಗೀರಿ, ಗಿಡಕ್ಕೆ ಆಧಾರ ಕಟ್ಟಿ, ಸಾಲಿನ ಮಧ್ಯೆ ಬೆಳಕು ಬೀಳುವಷ್ಟು ಅಂತರ ಕೊಡಿ.

ಎಲೆಯ ಬಣ್ಣವನ್ನೂ ಗಮನಿಸಿ. ಕೆಳಗಿನ ಎಲೆ ಪೂರ್ತಿ ಹಳದಿ ಆದರೆ ಸಾರಜನಕದ ಕೊರತೆ ಇರಬಹುದು. ನರ ಹಸಿರಾಗಿದ್ದು ನಡುವೆ ಮಾತ್ರ ಹಳದಿ ಆದರೆ ಮೆಗ್ನೀಸಿಯಂ ಕೊರತೆ ಇರಬಹುದು. ಎಲೆಯ ಹಸಿರಿಗೆ ಎರಡೂ ಬೇಕು.

ಈ ವಾರದ ಕೆಲಸ

ಒಂದೇ ಗಿಡದ ಫೋಟೋವನ್ನು ಬೆಳಿಗ್ಗೆ 7, ಮಧ್ಯಾಹ್ನ 2, ಸಂಜೆ 6 ಗಂಟೆಗೆ ತೆಗೀರಿ. ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಂಡರೆ ಬಿಸಿಲು, ನೀರಿನ ಹೊಂದಾಣಿಕೆ ಸರಿಮಾಡಿ. ಬೆಳಿಗ್ಗೆಯೇ ಬಾಡಿದ್ದರೆ ಬುಡದ ಮಣ್ಣು ಅಗೆದು ನೋಡಿ. ಒಣಗಿದ್ದರೆ ನೀರು ಕೊಡಿ. ತೇವ ಇದ್ದೂ ಬಾಡಿದ್ದರೆ ಬೇರು ಕೊಳೆತಿದೆಯಾ, ಸೊರಗು ರೋಗ ಬಂದಿದೆಯಾ ಅಂತ ಪರೀಕ್ಷಿಸಿ. ಟಾನಿಕ್ ಕೊಳ್ಳೋ ಯೋಚನೆ ಆಮೇಲೆ.